ಚಿಕ್ಕಮ್ಮ ಕೇಳಿದ ಡಿವಿಡಿ ಪ್ಲೇಯರಿನ ಬಗ್ಗೆ

ಚಿಕ್ಕಮ್ಮ, ನಿಮ್ಮ ಮೆಸೇಜನ್ನು ಬೆಳಿಗ್ಗೆಯೇ ನೋಡಿದೆ. ಟೈಪ್ ಮಾಡುತ್ತಾ ಕೂತರೆ ಮುಗಿಯುವುದಿಲ್ಲ, ಅದಕ್ಕೇ ಮಾತಿನಲ್ಲೇ ಹೇಳುತ್ತಿದ್ದೇನೆ. ಸ್ವಲ್ಪ ಉದ್ದ ಆಗುತ್ತದೆ. ಎಲ್ಲರೂ ಕೇಳಿಸಿಕೊಳ್ಳಿ, ಯಾಕೆಂದರೆ ಎಲ್ಲರ ಮನೆಯಲ್ಲೂ ಇಂಥ ಡಿಸ್ಕುಗಳಿವೆ.

ನೀವು ಕೇಳಿದ್ದು ಇಷ್ಟು. ಸಾಗರದ ಮನೆಯ ಹಳೇ ಪ್ಲೇಯರ್ ಡಿಸ್ಕ್ ಹಾಕಿದರೆ 'ನೋ ಡಿಸ್ಕ್' ಅನ್ನುತ್ತದೆ. ಅಜ್ಜಿಗೆ ಮದುವೆ ಡಿಸ್ಕು, ಯಕ್ಷಗಾನದ ಡಿಸ್ಕು ನೋಡಬೇಕು. ಕಡಿಮೆ ಬೆಲೆಯದು ಸಾಕಾ, ಯಾರ ಮನೆಯಲ್ಲಿ ಯಾವುದಿದೆ, ಹೇಗಿದೆ ಅಂತ. ಅದಕ್ಕೆ ಮಾವ, ಈಗ ಎಲ್ಲ ಯೂಟ್ಯೂಬಿನಲ್ಲೇ ಸಿಗುತ್ತದೆ, ಸುಮ್ನೆ ಯಾಕೆ ದುಡ್ಡು ಅಂದರು. ಮಾವ, ಯಕ್ಷಗಾನ ಸಿಗುತ್ತದೆ, ಒಪ್ಪಿದೆ. ಚಿಕ್ಕಮ್ಮನ ಮದುವೆ ಎಲ್ಲಿ ಸಿಗುತ್ತದೆ? ಅಜ್ಜ ಓಡಾಡುವುದು, ಮಾತಾಡುವುದು ನಮ್ಮಲ್ಲಿ ಉಳಿದಿರುವುದು ಆ ಒಂದು ಡಿಸ್ಕಿನಲ್ಲಿ ಮಾತ್ರ.

ಮೊದಲು ನೇರವಾಗಿ ಹೇಳಿಬಿಡುತ್ತೇನೆ. ಕಡಿಮೆ ಬೆಲೆಯದು ಸಾಕು, ಧಾರಾಳವಾಗಿ ಸಾಕು. ನಾನು ಮೂರು ವರ್ಷದ ಹಿಂದೆ 3000 ರೂಪಾಯಿಯೊಳಗೆ ಒಂದು ತಗೊಂಡೆ, ಇವತ್ತಿಗೂ ಚೆನ್ನಾಗಿ ಓಡುತ್ತಿದೆ. ನಮ್ಮ ಕಡೆಯ ಡಿವಿಡಿಯಲ್ಲಿ ಚಿತ್ರ ಇರುವುದೇ 720ಕ್ಕೆ 576 ಚುಕ್ಕಿಯಷ್ಟು. ಡಬ್ಬದ ಮೇಲೆ 1080 ಅಂತ ದೊಡ್ಡದಾಗಿ ಬರೆದಿದ್ದರೂ ಪ್ಲೇಯರ್ ಅದನ್ನು ಹಿಗ್ಗಿಸಿ ತೋರಿಸುತ್ತದೆ ಅಷ್ಟೆ. ಡಿಸ್ಕಿನಲ್ಲಿ ಇಲ್ಲದ್ದನ್ನು ಯಾವ ಪ್ಲೇಯರೂ ತಂದು ಕೊಡುವುದಿಲ್ಲ. ವಿಸಿಡಿ, ಅಂದರೆ ಸಿಡಿಯಲ್ಲಿ ಬರುತ್ತಿದ್ದ ಹಳೇ ವಿಡಿಯೋ ಆದರೆ ಇನ್ನೂ ಕಡಿಮೆ, 352ಕ್ಕೆ 288. ದುಬಾರಿ ಪ್ಲೇಯರಿನಲ್ಲಿ ಹಾಕಿದರೂ ಅಜ್ಜಿಗೆ ಕಾಣುವುದು ಅದೇ ಚಿತ್ರ.

ಆದರೆ ತಗೊಳ್ಳುವ ಮುಂಚೆ ನಿಮ್ಮ ಟಿವಿಯ ಹಿಂಭಾಗ ನೋಡಬೇಕು. ಇಲ್ಲೇ ಜಾಸ್ತಿ ಜನ ಎಡವುತ್ತಾರೆ. ಹಳೇ ಟಿವಿಯಲ್ಲಿ ಹಳದಿ, ಬಿಳಿ, ಕೆಂಪು ಮೂರು ತೂತು ಇರುತ್ತಿದ್ದವು. ಹಳದಿ ಚಿತ್ರಕ್ಕೆ, ಉಳಿದೆರಡು ಸದ್ದಿಗೆ. ಈಗಿನ ಟಿವಿಗಳಲ್ಲಿ ಕೆಲವಕ್ಕೆ ಆ ಮೂರೂ ಇಲ್ಲ, ಇಯರ್‌ಫೋನಿನ ತೂತಿನಂಥ ಒಂದೇ ತೂತು ಇರುತ್ತದೆ, ಅದಕ್ಕೆ ಬೇರೆ ಚಿಕ್ಕ ವೈರು ಬೇಕು. ಕೆಲವಕ್ಕೆ ಅದೂ ಇಲ್ಲ, ಚಿತ್ರ ಸದ್ದು ಎರಡೂ ಒಂದೇ ವೈರಿನಲ್ಲಿ ಬರುವ ಎಚ್‌ಡಿಎಂಐ ಮಾತ್ರ. ಮೈಸೂರು ಅತ್ತಿಗೆ ಮನೆಯಲ್ಲಿ ಹೀಗೇ ಆಯಿತು. ಪ್ಲೇಯರ್ ತಂದರು, ಟಿವಿಗೆ ಚುಚ್ಚಲು ಜಾಗವೇ ಇಲ್ಲ. ಆಮೇಲೆ ಮೂರು ಬಣ್ಣದ ವೈರನ್ನು ಎಚ್‌ಡಿಎಂಐಗೆ ಬದಲಾಯಿಸುವ ಪುಟ್ಟ ಡಬ್ಬಿ ತರಿಸಿದರು. ಕೆಲಸ ಆಯಿತು, ಆದರೆ ಅದಕ್ಕೆ ಬೇರೆ ಕರೆಂಟು, ಬೇರೆ ವೈರು. ಅಜ್ಜಿಗೆ ಅಷ್ಟೆಲ್ಲ ರಗಳೆ ಬೇಡ.

ಹಾಗಾಗಿ ಎಚ್‌ಡಿಎಂಐಯೂ ಇರಬೇಕು, ಮೂರು ಬಣ್ಣದ್ದೂ ಇರಬೇಕು. ಮಾಡೆಲ್ ನಂಬರನ್ನು ಪೂರ್ತಿ ಓದಿ ತಗೊಳ್ಳಬೇಕು. ಎಲ್‌ಜಿಯದು ಡಿಪಿ132 ಅಂತ ಒಂದಿದೆ, ಡಿಪಿ132ಎಚ್ ಅಂತ ಇನ್ನೊಂದಿದೆ. ಕೊನೆಯಲ್ಲಿ ಎಚ್ ಇರುವುದಕ್ಕೆ ಮಾತ್ರ ಎಚ್‌ಡಿಎಂಐ. ಸೋನಿಯ ಎಸ್‌ಆರ್370 ತುಂಬ ಮನೆಗಳಲ್ಲಿ ನೋಡಿದ್ದೇನೆ, ಒಳ್ಳೇದೇ, ಆದರೆ ಅದಕ್ಕೂ ಎಚ್‌ಡಿಎಂಐ ಇಲ್ಲ. ಸೆಕೆಂಡ್ ಹ್ಯಾಂಡ್ ಸಿಕ್ಕರೂ ಪರವಾಗಿಲ್ಲ, ಆದರೆ ರಿಮೋಟ್ ಇಲ್ಲದ್ದನ್ನು ಮಾತ್ರ ತಗೊಳ್ಳಬೇಡಿ. ಮುಂದುಗಡೆ ಎರಡೋ ಮೂರೋ ಬಟನ್ ಇರುತ್ತವೆ ಅಷ್ಟೆ. ಸೆಟ್ಟಿಂಗ್ ಎಲ್ಲ ರಿಮೋಟಿನಲ್ಲೇ.

ರಿಮೋಟ್ ಅಂದಾಗ ನೆನಪಾಯಿತು. ನಮ್ಮ ಹಳೇ ಪ್ಲೇಯರಿನಲ್ಲಿ ವಿ-ಮೋಡ್ ಅಂತ ಒಂದು ಬಟನ್ ಇತ್ತು. ಮಗು ಅದನ್ನು ಒತ್ತಿತು, ಚಿತ್ರ ಪೂರ್ತಿ ಮಾಯ, ಸದ್ದು ಮಾತ್ರ. ಎರಡು ವಾರ ಪ್ಲೇಯರ್ ಕೆಟ್ಟಿದೆ ಅಂದುಕೊಂಡು ಮೂಲೆಯಲ್ಲಿ ಇಟ್ಟಿದ್ದೆವು. ಚಿತ್ರ ಬೇರೆ ತೂತಿಗೆ ಹೋಗಿತ್ತು ಅಷ್ಟೆ. ಅದೇ ಬಟನ್ನನ್ನು ನಾಲ್ಕು ಸಲ ನಿಧಾನವಾಗಿ ಒತ್ತಿದ ಮೇಲೆ ವಾಪಸು ಬಂತು. ಬಟನ್ನಿನ ಮೇಲೆ ಪಿ-ಸ್ಕ್ಯಾನ್ ಅಂತ ಬರೆದಿದ್ದರೂ ಹೀಗೇ ಆಗಬಹುದು. ಇನ್ನೊಂದು, ಮದುವೆ ಡಿಸ್ಕ್ ಹಾಕಿದಾಗ ಎಲ್ಲರ ಮುಖವೂ ಅಗಲವಾಗಿ ಕಂಡರೆ ಡಿಸ್ಕಿನ ತಪ್ಪಲ್ಲ. ಅಗಲಕ್ಕೂ ಎತ್ತರಕ್ಕೂ ಇರುವ ಲೆಕ್ಕ ಆಗಿನ ವಿಡಿಯೋದಲ್ಲಿ 4:3, ಈಗಿನ ಟಿವಿಯಲ್ಲಿ 16:9. ಟಿವಿಯ ಪಿಕ್ಚರ್ ಸೈಜಿನಲ್ಲಿ 4:3 ಇಟ್ಟರೆ ಅಜ್ಜ ಅಜ್ಜನ ಹಾಗೇ ಕಾಣುತ್ತಾರೆ.

ಭಾವ ಅಮೆರಿಕದಿಂದ ತರುತ್ತೇನೆ ಅಂದಿದ್ದಾರಂತೆ. ದಯವಿಟ್ಟು ಬೇಡ ಭಾವ. ಅಲ್ಲಿನ ಕರೆಂಟು 120 ವೋಲ್ಟು, ನಮ್ಮದು 230. ಅಲ್ಲಿಗೆ ಮಾತ್ರ ಅಂತ ಮಾಡಿದ ಪ್ಲೇಯರನ್ನು ಇಲ್ಲಿ ಚುಚ್ಚಿದರೆ ಸುಟ್ಟು ಹೋಗುತ್ತದೆ. ಅದೂ ಅಲ್ಲದೆ ಯಾವ ದೇಶದ ಡಿಸ್ಕು ಎಲ್ಲಿ ಓಡಬೇಕು ಅಂತ ರೀಜನ್ ನಂಬರ್ ಇರುತ್ತದೆ, ಅಲ್ಲಿ ಡಿವಿಡಿ ರೀಜನ್ 1, ಇಂಡಿಯಾದಲ್ಲಿ 5. ಬರ್ನ್ ಮಾಡಿದ, ಅಂದರೆ ಕಂಪ್ಯೂಟರಿನಲ್ಲಿ ಬರೆದ ಮದುವೆ ಡಿಸ್ಕಿಗೆ ಸಾಮಾನ್ಯವಾಗಿ ರೀಜನ್ ತೊಂದರೆ ಇಲ್ಲ, ಆದರೆ ಅಂಗಡಿಯಲ್ಲಿ ಕೊಂಡ ಸಿನಿಮಾ ಓಡದೇ ಇರಬಹುದು. ಹಾಗೇ ಲ್ಯಾಪ್‌ಟಾಪಿಗೆ ಹಾಕುವ ಯುಎಸ್‌ಬಿ ಡಿವಿಡಿ ಡ್ರೈವ್ ಅಗ್ಗ ಅಂತ ತಂದು ಟಿವಿಗೆ ಚುಚ್ಚಬೇಡಿ. ಸಾಮಾನ್ಯವಾಗಿ ಟಿವಿಗೆ ಅದು ಏನು ಅಂತಲೇ ಗೊತ್ತಾಗುವುದಿಲ್ಲ.

ಈಗ ನಿಮ್ಮ ಹಳೇ ಪ್ಲೇಯರ್ ವಿಷಯ. ಅದನ್ನು ಗುಜರಿಗೆ ಹಾಕಬೇಡಿ, ಸ್ವಲ್ಪ ತಾಳಿ. ಲೈಟ್ ಬರುತ್ತಿದೆ ಅಂದರೆ ಕರೆಂಟಿನ ಬೋರ್ಡ್ ಸರಿಯಿರಬಹುದು. ಒಂದು ವಿಸಿಡಿ ಹಾಕಿ ನೋಡಿ, ಆಮೇಲೆ ಒಂದು ಡಿವಿಡಿ. ಎರಡನ್ನೂ ಓದುವ ಬೆಳಕು ಬೇರೆ ಬೇರೆ. ಸಿಡಿ, ವಿಸಿಡಿಗೆ 780 ನ್ಯಾನೊಮೀಟರಿನದು, ಡಿವಿಡಿಗೆ 650ರದ್ದು. ವಿಸಿಡಿ ಓಡಿ ಡಿವಿಡಿ ಓಡದಿದ್ದರೆ ಲೆನ್ಸಿನ ಭಾಗ ಸೋತಿರುವ ಸಾಧ್ಯತೆ ಜಾಸ್ತಿ. ಎರಡೂ ಓಡದಿದ್ದರೆ ಲೆನ್ಸಿನ ಮೇಲೆ ಧೂಳೋ ಬೂಷ್ಟೋ ಕೂತಿರಬಹುದು. ನಮ್ಮ ಮಳೆಗಾಲದಲ್ಲಿ ಚಪ್ಪಲಿಗೇ ಬೂಷ್ಟು ಬರುತ್ತದೆ, ಲೆನ್ಸಿಗೆ ಬರುವುದಿಲ್ಲವಾ? ನೀವು ಬಿಚ್ಚಬೇಡಿ. ಟಿವಿ ರಿಪೇರಿಯವರಿಗೆ ಕೊಟ್ಟರೆ ಹತ್ತಿಯಲ್ಲಿ ಐಪಿಎ ಅನ್ನುವ ಸ್ಪಿರಿಟ್ (ಐಸೊಪ್ರೊಪೈಲ್ ಆಲ್ಕೋಹಾಲ್) ಹಚ್ಚಿ ಒರೆಸಿ ಕೊಡುತ್ತಾರೆ. ನಮ್ಮದು ಒಮ್ಮೆ ಅಷ್ಟರಲ್ಲೇ ಸರಿಯಾಗಿತ್ತು.

ಡಿಸ್ಕನ್ನು ಮಾತ್ರ ನೀವೇ ಒರೆಸಬಹುದು. ಹಳೇ ಪಂಚೆಯ ಮೆತ್ತನೆ ತುಂಡು ತಗೊಳ್ಳಿ. ನಡುವಿನ ತೂತಿನಿಂದ ಅಂಚಿನ ಕಡೆಗೆ ನೇರವಾಗಿ ಒರೆಸಿ. ಪಾತ್ರೆ ಉಜ್ಜಿದ ಹಾಗೆ ಸುತ್ತ ತಿರುಗಿಸಬೇಡಿ. ಡಿಸ್ಕಿನಲ್ಲಿ ವಿಡಿಯೋ ಸುತ್ತು ಸುತ್ತಾಗಿ ಬರೆದಿರುತ್ತದೆ. ಸುತ್ತಿನ ಉದ್ದಕ್ಕೂ ಗೀರು ಬಿದ್ದರೆ ತುಂಬ ಹೋಗುತ್ತದೆ, ಅಡ್ಡ ಗೀರು ಬಿದ್ದರೆ ಪ್ಲೇಯರ್ ಹೇಗೋ ಸರಿತೂಗಿಸಿಕೊಳ್ಳುತ್ತದೆ.

ಇನ್ನು ನನಗೆ ನಿಜವಾಗಿ ಚಿಂತೆ ಇರುವ ವಿಷಯ ಹೇಳುತ್ತೇನೆ. ಡಿವಿಡಿಯನ್ನು ಒಳಗಿನಿಂದ ಹೊರಗೆ ಬರೆಯುತ್ತಾರೆ. ನಾವು ಕೈ ಇಡುವುದು, ಬೆರಳಿನ ಗುರುತು ಬೀಳುವುದು ಹೊರ ಅಂಚಿಗೆ. ಅಂದರೆ ಮೊದಲು ಹಾಳಾಗುವುದು ವಿಡಿಯೋದ ಕೊನೆಯ ಭಾಗ. ಹೋದ ದೀಪಾವಳಿಗೆ ನಿಮ್ಮ ಮದುವೆ ಡಿಸ್ಕ್ ಹಾಕಿದ್ದು ನೆನಪಿದೆಯಾ ಚಿಕ್ಕಮ್ಮ? ಧಾರೆ ಚೆನ್ನಾಗಿ ಬಂತು. ಊಟದ ಪಂಕ್ತಿ ಬಂತು. ಹೆಣ್ಣೊಪ್ಪಿಸುವ ಶಾಸ್ತ್ರದ ಹೊತ್ತಿಗೆ ಚಿತ್ರ ಚೌಕ ಚೌಕವಾಗಿ ಒಡೆದು ನಿಂತುಬಿಟ್ಟಿತು. ಅಜ್ಜ ನಿಮ್ಮ ಕೈ ಹಿಡಿದು ಅತ್ತದ್ದು ಅಲ್ಲೇ ಇರುವುದು. ಅಜ್ಜಿ ಆಮೇಲೆ ಎದ್ದು ಒಳಗೆ ಹೋದರು. ನೀವು ಯಾರೂ ಗಮನಿಸಲಿಲ್ಲ ಅನಿಸುತ್ತದೆ, ನಾನು ನೋಡಿದೆ. ಅವತ್ತಿನಿಂದ ಇದು ನನ್ನ ತಲೆಯಲ್ಲಿದೆ.

ಅದು ಅಂಗಡಿಯ ಡಿಸ್ಕ್ ಅಲ್ಲ, ಬರ್ನ್ ಮಾಡಿದ್ದು. ಅದರೊಳಗೆ ಒಂದು ಬಣ್ಣದ ಪದರ ಇರುತ್ತದೆ. ಬಿಸಿಲು, ಸೆಕೆ, ತೇವ ತಾಗಿದ ಹಾಗೆಲ್ಲ ಹಾಳಾಗುತ್ತಾ ಹೋಗುತ್ತದೆ. ಹಾಗಾಗಿ ಹೊಸ ಪ್ಲೇಯರ್ ಬಂದರೂ ಆ ಡಿಸ್ಕನ್ನು ಮತ್ತೆ ಮತ್ತೆ ಹಾಕಬೇಡಿ. ಮೊದಲು ಕಾಪಿ ಮಾಡಿಕೊಳ್ಳೋಣ. ನನ್ನ ಹತ್ತಿರ ಲ್ಯಾಪ್‌ಟಾಪಿನ ಡ್ರೈವ್ ಇದೆ. ಒಂದು ಡ್ರೈವ್ ಓದದ ಜಾಗವನ್ನು ಇನ್ನೊಂದು ಓದುವುದುಂಟು, ಅದಕ್ಕೇ ಗೆಳೆಯನ ಡ್ರೈವನ್ನೂ ತರುತ್ತೇನೆ. ಒಂದು ಡಿಸ್ಕು ಅಂದರೆ 4.7 ಜಿಬಿ. ಒಂದು ಪೆನ್‌ಡ್ರೈವಿನಲ್ಲಿ ಮನೆಯ ಎಲ್ಲ ಮದುವೆಗಳೂ ಹಿಡಿಯುತ್ತವೆ. ಆದರೆ ಅದನ್ನು ಟಿವಿಗೆ ಹಾಕಿ ಅಜ್ಜಿ ತಾವೇ ಹುಡುಕಿಕೊಳ್ಳುವುದು ಕಷ್ಟ. ಅವರಿಗೆ ತಟ್ಟೆ ಹೊರಗೆ ಬರಬೇಕು, ಡಿಸ್ಕ್ ಇಡಬೇಕು, ಒಳಗೆ ತಳ್ಳಬೇಕು, ಅದೇ ಅಭ್ಯಾಸ. ಆದ್ದರಿಂದ ಕಾಪಿಯಿಂದ ಹೊಸ ಡಿಸ್ಕ್ ಬರೆದು ಕೊಡುತ್ತೇನೆ, ಹಳೇದನ್ನು ಕಬ್ಬಿಣದ ಬೀರುವಿನಲ್ಲಿ ಇಡೋಣ. ಮಾವ, ಪ್ಲೇಯರ್ ಬೇಕು ಅಂತ ನಾನು ಹಟ ಹಿಡಿದಿರುವುದು ಇದಕ್ಕೇ.

ಈಗ ನೀವು ಮಾಡಬೇಕಾದ್ದು ಇಷ್ಟೇ ಚಿಕ್ಕಮ್ಮ. ಟಿವಿಯ ಹಿಂಭಾಗದ್ದು, ಬದಿಯದ್ದು ಒಂದೊಂದು ಫೋಟೊ ಹಾಕಿ. ಬೆಂಗಳೂರಿನ ಎಸ್‌ಪಿ ರೋಡಿನ ಎಲೆಕ್ಟ್ರಾನಿಕ್ಸ್ ಅಂಗಡಿಗಳಲ್ಲಿ ನಾನೇ ನೋಡಿ ತಗೊಳ್ಳುತ್ತೇನೆ, ಎಚ್‌ಡಿಎಂಐ ವೈರೂ ತರುತ್ತೇನೆ, ಕೆಲವು ಡಬ್ಬದಲ್ಲಿ ಅದು ಇರುವುದಿಲ್ಲ. ಬರುವ ಶುಕ್ರವಾರ ರಾತ್ರಿ ಸಾಗರದ ಮೇಲೆ ಹೋಗುವ ತಾಳಗುಪ್ಪ ರೈಲಿಗೆ ಹೊರಡುತ್ತೇನೆ. ಅತ್ತೆ, ದೊಡ್ಡಪ್ಪ, ನಿಮ್ಮ ಮನೆಯಲ್ಲಿರುವ ಡಿಸ್ಕುಗಳನ್ನೂ ಶನಿವಾರದೊಳಗೆ ಸಾಗರಕ್ಕೆ ತಲುಪಿಸಿಬಿಡಿ. ಡಿಸ್ಕಿನ ಮೇಲೆ ಬಾಲ್ ಪೆನ್ನಿನಲ್ಲಿ ಏನೂ ಬರೆಯಬೇಡಿ, ಸ್ಟಿಕ್ಕರ್ ಅಂಟಿಸಬೇಡಿ. ಯಾರ ಮದುವೆ, ಯಾವ ವರ್ಷ ಅಂತ ಕವರಿನ ಮೇಲೆ ಬರೆದರೆ ಸಾಕು. ಅಜ್ಜಿಗೆ ಮಾತ್ರ ಈಗಲೇ ಏನೂ ಹೇಳಬೇಡಿ. ಕೊನೆಯ ಭಾಗ ಸಿಗುತ್ತದೋ ಇಲ್ಲವೋ ನೋಡಿದ ಮೇಲೆ ನಾನೇ ಹೇಳುತ್ತೇನೆ.