ತಗಡಿನ ಕಂಪ್ಯೂಟರ್ 'ಕೇಸ್', ಹಿತ್ತಾಳೆಯ 'ಸ್ಟ್ಯಾಂಡ್‌ಆಫ್': ನಾಳೆಯೊಳಗೆ ಕನ್ನಡ ಪದ ಬೇಕು

ಬದಿಯಡ್ಕದಿಂದ:
ಮಗಳೂ ನಾನೂ ಸೇರಿ ಜಗಲಿಯಲ್ಲೇ ಕಂಪ್ಯೂಟರಿಗೊಂದು ಹೊರಮೈ ಮಾಡಿದ್ದೇವೆ. ಒಂದೂವರೆ ಮಿಲಿಮೀಟರ್ ದಪ್ಪದ ಅಲ್ಯೂಮಿನಿಯಂ ತಗಡನ್ನು ಗರಗಸದಲ್ಲಿ ಕೊಯ್ದು, ಎರಡು ಕಬ್ಬಿಣದ ಆಂಗಲ್‌ಗಳ ನಡುವೆ ಬಿಗಿದು, ಮರದ ಕೊಡತಿಯಿಂದ ಬಡಿದು ಮಡಚಿದ್ದು. ಕೈ ಕೊಯ್ಯದಂತೆ ಅಂಚುಗಳಿಗೆಲ್ಲ ಅರ ಉಜ್ಜಿದವಳು ಮಗಳೇ. ಶಾಲೆಯ ಮೇಳಕ್ಕೆ ಫಲಕ ಬೇಕು. ಮಲಯಾಳದ ಭಾಗ ಬರೆದಾಗಿದೆ, ಕನ್ನಡದ ಭಾಗ ಖಾಲಿ ಇದೆ. ಬರೆಯುವವರು ನಾಳೆ ಬೆಳಗ್ಗೆ ಬರುತ್ತಾರೆ. 'ಕೇಸ್' ಎಂದರೆ ಜನ ಕೋರ್ಟು ಎಂದುಕೊಳ್ಳುತ್ತಾರೆ, 'ಕ್ಯಾಬಿನೆಟ್' ಎಂದರೆ ಮಂತ್ರಿಗಳ ಸಭೆ. 'ಸಿಪಿಯು' ಒಳಗಿನ ಪ್ರೊಸೆಸರಿನ ಹೆಸರು. ಬಿಡಿಭಾಗಗಳನ್ನೆಲ್ಲ ಕೂರಿಸುವ ಮುಖ್ಯ ಹಲಗೆಯಾದ ಮದರ್‌ಬೋರ್ಡಿನ ಅಡಿ ತಗಡಿಗೆ ತಾಗಿ ಶಾರ್ಟ್ ಆಗದಂತೆ ಎತ್ತಿ ಹಿಡಿಯುವ ಆ ಚಿಕ್ಕ ಹಿತ್ತಾಳೆಯ ತುಂಡುಗಳಿಗೂ ಹೆಸರು ಬೇಕು.

ಮೈಸೂರಿನಿಂದ:
ಗಣಕಕವಚ, ಆಧಾರಸ್ತಂಭಿಕೆ. ಚರ್ಚೆ ಅನಗತ್ಯ.

ಪುತ್ತೂರಿನಿಂದ:
ಎರಡೂ ಬೇಡ. ಕವಚ ಮೈಗೆ ತೊಡುವಂಥದ್ದು. ಅದರೊಳಗೆ ಯಾರೂ ಸಾಮಾನು ಜೋಡಿಸುವುದಿಲ್ಲ. ಸಂಸ್ಕೃತದ ಹಂಗಿಲ್ಲದೆ 'ಗೂಡು' ಎನ್ನಿ, 'ಕಿರುಗಂಬ' ಎನ್ನಿ. ಮಕ್ಕಳ ಫಲಕದಲ್ಲಾದರೂ ಅಚ್ಚಗನ್ನಡ ಇರಲಿ.

ಮಂಜೇಶ್ವರದಿಂದ:
ಮಾಸ್ತರರೇ, ಕಂಬವೇ ಸ್ತಂಭದ ತದ್ಭವ. ನೀವು ತರಗತಿಯಲ್ಲಿ ಬಾಯಿಪಾಠ ಮಾಡಿಸಿದ ಪಟ್ಟಿಯಲ್ಲೇ ಇದೆ. ಗೂಡು ಗೋಡೆಯಲ್ಲಿರುತ್ತದೆ, ಇಲ್ಲವೇ ಮರದಲ್ಲಿ. ಇದು ಮುಚ್ಚಳ ಬಿಚ್ಚಿ ಹಾಕುವ, ಎತ್ತಿಕೊಂಡು ಹೋಗುವ ವಸ್ತು. ನಮ್ಮಲ್ಲಿ ಅಂಥದ್ದಕ್ಕೆ ಪೆಟ್ಟಿಗೆ ಎನ್ನುತ್ತಾರೆ. ಮಲಯಾಳದಲ್ಲೂ ಪೆಟ್ಟಿ, ತಮಿಳಿನಲ್ಲೂ ಪೆಟ್ಟಿ. ನಮ್ಮ ತಗಡು ಮಲಯಾಳದಲ್ಲಿ ತಕಿಡ್. ಎರಡು ಲಿಪಿಯ ಫಲಕವನ್ನು ಓದುತ್ತಲೇ ಬೆಳೆಯುವ ಕಾಸರಗೋಡಿನ ಮಗುವಿಗೆ ಈ ನೆಂಟಸ್ತಿಕೆ ಕಣ್ಣಿಗೆ ಕಾಣಬೇಕು ಎಂಬುದು ನನ್ನ ಆಸೆ.

ಮೈಸೂರಿನಿಂದ:
ಪೆಟ್ಟಿಗೆ 'ಪೇಟಿಕಾ'ದಿಂದ ಬಂದದ್ದು. ಎರವಲು ಎರವಲೇ. ಹಾಗಿದ್ದ ಮೇಲೆ ಕವಚ ಏನು ಪಾಪ ಮಾಡಿದೆ?

ಮಂಜೇಶ್ವರದಿಂದ:
ಪೇಟಿಕಾ ದಕ್ಷಿಣದಿಂದಲೇ ಆ ಕಡೆಗೆ ಹೋಯಿತೆಂದು ವಾದಿಸಲು ನನಗೂ ಬರುತ್ತದೆ, ಆದರೆ ಫಲಕ ನಾಳೆಗೆ ಬೇಕಾಗಿದೆ. ಚಾವಿ, ಅಲಮಾರು, ಇಸ್ತ್ರಿ ಪೋರ್ಚುಗೀಸರಿಂದ ಬಂದವು. ಕರಾವಳಿಯ ಯಾವ ಮನೆಯಲ್ಲಿ ಅವು ಪರಕೀಯ? ಪದ ಎಲ್ಲಿಂದ ಬಂತು ಎನ್ನುವುದಕ್ಕಿಂತ ಕೇಳಿದವರ ಕಣ್ಣಿಗೆ ಏನು ಕಟ್ಟುತ್ತದೆ ಎಂಬುದನ್ನು ನೋಡಿ. ಪೆಟ್ಟಿಗೆ ಎಂದರೆ ಅಟ್ಟದ ಮೇಲಿನ ಹಳೆಯ ಟ್ರಂಕು ಕಾಣುತ್ತದೆ. ಅದೂ ತಗಡನ್ನು ಮಡಚಿ ರಿವೆಟ್ ಹೊಡೆದದ್ದೇ.

ಇನ್ನು ಆ ಹಿತ್ತಾಳೆಯ ತುಂಡು. ಊಟಕ್ಕೆ ಕೂರುವ ಮಣೆಯನ್ನು ಮಗುಚಿ ನೋಡಿ. ಹಲಗೆ ನೆಲಕ್ಕೆ ತಾಗದಂತೆ ಅಡಿಯಲ್ಲಿ ಗಿಡ್ಡ ಕಾಲುಗಳಿವೆ. ಇದರ ಕೆಲಸವೂ ಅದೇ. ಕೆಳಗೆ ತಗಡಿಗೆ ತಿರುಪಿ ಕೂರಿಸುತ್ತೇವೆ, ಮೇಲೆ ಬೋರ್ಡಿನ ಸ್ಕ್ರೂ ಅದರೊಳಗೆ ಇಳಿಯುತ್ತದೆ. 'ತಿರುಪುಗಾಲು' ಎಂದರೆ ಆಗದೇ?

ಪುತ್ತೂರಿನಿಂದ:
ತಿರುಪುಗಾಲು ಒಪ್ಪಿದೆ. ಪೆಟ್ಟಿಗೆ ಒಪ್ಪಿಲ್ಲ.

ಬದಿಯಡ್ಕದಿಂದ:
ಮಗಳಿಗೆ ಓದಿ ಹೇಳಿದೆ. ಒಳಗಿಂದ ಮಣೆ ತಂದು ಮಗುಚಿ, ಕಾಲು ಮುಟ್ಟಿ ನೋಡಿದಳು. ನಮ್ಮದು 170 ಮಿಲಿಮೀಟರ್ ಚಚ್ಚೌಕದ, ಮಿನಿ ಐಟಿಎಕ್ಸ್ ಎಂಬ ಚಿಕ್ಕ ಅಳತೆಯ ಬೋರ್ಡು, ಅದಕ್ಕೂ ಕಾಲು ನಾಲ್ಕೇ. ಫಲಕಕ್ಕೆ ಹೀಗೆ ಕೊಡುತ್ತಿದ್ದೇನೆ: 'ಕೈಯಾರೆ ಮಾಡಿದ ಕಂಪ್ಯೂಟರ್ ಪೆಟ್ಟಿಗೆ. ತಗಡು: ಅಲ್ಯೂಮಿನಿಯಂ. ತಿರುಪುಗಾಲು: ಹಿತ್ತಾಳೆ, ನಾಲ್ಕು.' ರಿವೆಟ್ಟನ್ನು ರಿವೆಟ್ ಎಂದೇ ಬಿಟ್ಟಿದ್ದೇನೆ.