125 ಅಂಕಗಳ ಮಾತೃಭಾಷೆ

ಪ್ರತಿ ಭಾನುವಾರ ಬಸವನಗುಡಿಯ ಹೋಟೆಲೊಂದರಲ್ಲಿ ಎರಡು ಕಾಫಿಯನ್ನು ಮೂರು ಲೋಟಕ್ಕೆ ಹಂಚಿಸಿಕೊಂಡು ಲೋಕದ ಕಷ್ಟಗಳನ್ನು ಪರಿಹರಿಸುವ ನಮ್ಮ ಬಳಗಕ್ಕೆ ಮೊನ್ನೆ ಶಾಮರಾಯರು ಜೇಬಿನಿಂದ ನಾಲ್ಕು ಮಡಿಕೆಯ ಕಾಗದವೊಂದನ್ನು ತೆಗೆದು ಮುಂದಿಟ್ಟರು. ಎಂಟನೆಯ ತರಗತಿಗೆ ಹೋಗಲಿರುವ ಅವರ ಮೊಮ್ಮಗನ ಶಾಲೆಯಿಂದ ಬಂದ ಅರ್ಜಿ ಅದು. ಪ್ರಥಮ ಭಾಷೆ ಎಂಬುದರ ಮುಂದೆ ಖಾಲಿ ಜಾಗವಿತ್ತು.

"ಪ್ರಥಮ ಭಾಷೆಯೆಂದರೆ ಮಗು ತೊಟ್ಟಿಲಲ್ಲಿ ಮೊದಲು ಆಡಿದ ಭಾಷೆಯೆಂದು ನಾನು ತಿಳಿದಿದ್ದೆ. ಸಂಸ್ಕೃತವೆಂದು ಬರೆಯಿರಿ ಮಾವ ಎನ್ನುತ್ತಾಳೆ ಸೊಸೆ. ನಮ್ಮ ಮನೆಯಲ್ಲಿ ಸಂಸ್ಕೃತ ಕೇಳಿಸುವುದು ಪುರೋಹಿತರು ಬಂದಾಗ ಮಾತ್ರ," ಎಂದರು ರಾಯರು.

ನಿವೃತ್ತ ಕನ್ನಡ ಮೇಷ್ಟ್ರು ಲೋಟ ಕೆಳಗಿಟ್ಟರು. "ರಾಯರೇ, ಎಸ್ಸೆಸ್ಸೆಲ್ಸಿಯ ಒಟ್ಟು ಅಂಕ 625. ಉಳಿದ ಐದು ವಿಷಯಗಳಿಗೆ ತಲಾ 100, ಪ್ರಥಮ ಭಾಷೆಗೆ ಮಾತ್ರ 125. ರೂಪಾಯಿಗೆ ನಾಲ್ಕಾಣೆ ಲಾಭ ಕೊಡುವ ಅಂಗಡಿಯಲ್ಲಿ ಯಾವ ಸರಕು ಬೇಗ ಮಾರಾಟವಾಗುತ್ತದೆಯೋ ಅದನ್ನೇ ತಂದೆತಾಯಿಯರು ಇಡುತ್ತಾರೆ. ಸಂಸ್ಕೃತದ ಅನೇಕ ಪ್ರಶ್ನೆಗಳಿಗೆ ಕನ್ನಡದಲ್ಲೋ ಇಂಗ್ಲಿಷಿನಲ್ಲೋ ಉತ್ತರಿಸಬಹುದು."

"ಅಂದರೆ ಸಂಸ್ಕೃತವನ್ನು ಕನ್ನಡದಲ್ಲಿ ಬರೆದರೆ ಅಂಕ ಬರುತ್ತದೆ, ಕನ್ನಡವನ್ನು ಕನ್ನಡದಲ್ಲಿ ಬರೆದರೆ ಒತ್ತಕ್ಷರಕ್ಕೆ ಅಂಕ ಹೋಗುತ್ತದೆ!" ಎಂದೆ ನಾನು. ವ್ಯಾಕರಣಕ್ಕೆ ಸಂಸ್ಕೃತವೇ ಬೇಕಾದ್ದರಿಂದ ನನ್ನ ಮಾತು ಪೂರ್ತಿ ನ್ಯಾಯವಾದದ್ದೇನಲ್ಲ. ಆದರೆ ಹರಟೆಯಲ್ಲಿ ನ್ಯಾಯ ನೋಡುತ್ತ ಕುಳಿತರೆ ಕಾಫಿ ಆರಿಹೋಗುತ್ತದೆ.

"ಹಾಗಾದರೆ ಕನ್ನಡ ಎಲ್ಲಿಗೆ ಹೋಯಿತು?" ಎಂದು ರಾಯರು ಕೇಳಿದರು.

"ಎರಡನೆಯ ಸಾಲಿನಲ್ಲಿ ಇಂಗ್ಲಿಷ್ ಕಾಲು ಚಾಚಿ ಕುಳಿತಿರುವುದರಿಂದ ಎಷ್ಟೋ ಕಡೆ ಕನ್ನಡಕ್ಕೆ ದಕ್ಕುವುದು ಮೂರನೆಯ ಸಾಲು," ಎಂದ ಮೇಷ್ಟ್ರ ದನಿ ಏರಿತು. "ಈ ಜಗಳ ಇಂದಿನದಲ್ಲ. ಸಂಸ್ಕೃತ ಪ್ರಥಮ ಭಾಷೆಯಾಗಿರಬೇಕೇ ಎಂಬ ಗಲಾಟೆಯಿಂದಲೇ 1980ರಲ್ಲಿ ವಿ.ಕೃ. ಗೋಕಾಕರ ಸಮಿತಿ ಹುಟ್ಟಿತು. ಕನ್ನಡವೊಂದೇ ಪ್ರಥಮ ಭಾಷೆಯಾಗಿರಲಿ, ಅದಕ್ಕೆ 150 ಅಂಕವಿರಲಿ ಎಂದು ಸಮಿತಿ ಹೇಳಿತು. ಅದನ್ನು ಜಾರಿಗೆ ತರಬೇಕೆಂದು 1982ರಲ್ಲಿ ರಾಜ್‌ಕುಮಾರರೇ ಬೀದಿಗಿಳಿದರು. ಆ ಮೆರವಣಿಗೆಯಲ್ಲಿ ಘೋಷಣೆ ಕೂಗಿ ನನ್ನ ಗಂಟಲು ಕಟ್ಟಿ, ಒಂದು ವಾರ ತರಗತಿಯಲ್ಲಿ ಬರೀ ಬೋರ್ಡಿನ ಮೇಲೆ ಬರೆದು ಪಾಠ ಮಾಡಿದೆ!"

ಪಕ್ಕದ ಮೇಜಿನವರೂ ಇಡ್ಲಿ ಬಿಟ್ಟು ಮೇಷ್ಟ್ರನ್ನೇ ಗೌರವದಿಂದ ನೋಡತೊಡಗಿದರು. ಅಂಥ ಹೊತ್ತಿನಲ್ಲಿ ರಾಯರು ಬಹಳ ಮುಗ್ಧವಾಗಿ ಕೇಳಿಬಿಟ್ಟರು: "ಮೇಷ್ಟ್ರೇ, ನಿಮ್ಮ ಮಗಳು ಹೈಸ್ಕೂಲಿನಲ್ಲಿ ಯಾವ ಪ್ರಥಮ ಭಾಷೆ ತೆಗೆದುಕೊಂಡಿದ್ದಳು?"

ಮೇಷ್ಟ್ರು ಆಗಲೇ ಖಾಲಿಯಾಗಿದ್ದ ಲೋಟವನ್ನೆತ್ತಿ ಒಂದು ಗುಟುಕು ಕುಡಿದರು. "ಅವಳ ತಾಯಿಯ ಹಟ," ಎಂದು ಗೊಣಗಿ, ಸ್ವಲ್ಪ ಹೊತ್ತು ಬಿಟ್ಟು, "121 ಬಂದಿತ್ತು," ಎಂದರು. ಆ ಸಂಖ್ಯೆಯನ್ನು ಹೇಳುವಾಗ ಅವರ ಮುಖದಲ್ಲಿ ನಾಚಿಕೆಗಿಂತ ಹೆಮ್ಮೆಯೇ ಒಂದು ಗೇಣು ಮುಂದಿತ್ತು.

ರಾಯರು ಪೆನ್ನಿನ ಮುಚ್ಚಳ ತೆಗೆದರು, ಅರ್ಜಿಯನ್ನು ನೋಡಿದರು, ಮುಚ್ಚಳವನ್ನು ಮತ್ತೆ ಹಾಕಿ ಗಲ್ಲಾಪೆಟ್ಟಿಗೆಯವನ ಬಳಿ ಹೋಗಿ ಪೆನ್ಸಿಲ್ ಇದೆಯೇ ಎಂದು ವಿಚಾರಿಸಿದರು.