ವಿಂಗ್ ಕೋನ ನಿಲ್ತಿಲ್ಲ: ಮನೇಲಿ ಮಾಡಿದ ಅಡ್ಜಸ್ಟಬಲ್ ಮೌಂಟ್, ಹಳೇ ಸಿಟಿ ವಿಟೆಕ್

ಸಿಟಿವಿಟೆಕ್01
2001ರ ಹೋಂಡಾ ಸಿಟಿ ಕಾರು, ಈಗ ರೇಸ್ ಟ್ರ್ಯಾಕಿಗೆ ಮಾತ್ರ. ಗಾಳಿಯ ಬಲದಲ್ಲಿ ಕಾರಿನ ಹಿಂಭಾಗವನ್ನ ಕೆಳಕ್ಕೆ ಒತ್ತೋ ಅಲ್ಯೂಮಿನಿಯಂ ವಿಂಗ್ ಹಾಕಿದೀನಿ: ಉದ್ದ 1.4 ಮೀ., ಅಗಲ 25 ಸೆಂ.ಮೀ. ಸ್ಟ್ಯಾಂಡ್ ನಾನೇ 6 ಮಿ.ಮೀ. ಪ್ಲೇಟಲ್ಲಿ ಕತ್ತರಿಸಿದ್ದು. ಮೇಲ್ತುದಿಯಲ್ಲಿ ಮುಂದೆ ವಿಂಗ್ ತಿರುಗೋ ಪಿವಟ್ ಬೋಲ್ಟ್, ಹಿಂದೆ ಕೋನ ಬದಲಿಸೋಕೆ ಬಾಗಿದ ಸ್ಲಾಟ್, ಅದರಲ್ಲೊಂದು ಎಂ6 (6 ಮಿ.ಮೀ.) ಬೋಲ್ಟ್. ಎರಡೂ ಸ್ಟ್ಯಾಂಡ್ ಡಿಕ್ಕಿ ಮುಚ್ಚಳದ ಮೇಲೆ, ನಡುವೆ 50 ಸೆಂ.ಮೀ. ಅಂತರ.

ಚೆನ್ನೈ ಹತ್ತಿರದ ಇರುಂಗಾಟ್ಟುಕೋಟೈ ರೇಸ್ ಟ್ರ್ಯಾಕಿಗೆ ಹೋಗಿದ್ದೆ. 8 ಡಿಗ್ರಿ ಇಟ್ಟು ಹೊರಟರೆ ನಾಲ್ಕು ಲ್ಯಾಪ್ ಆದ್ಮೇಲೆ 7. ಹಿಂದಿನ ಗ್ಲಾಸಿಗೆ ಕ್ಯಾಮೆರಾ ಅಂಟಿಸಿ ನೋಡಿದ್ರೆ, ನೇರ ದಾರಿಯಲ್ಲಿ ವಿಂಗ್ ಇನ್ನೂ ಜಾಸ್ತಿ ಹಿಂದಕ್ಕೆ ಮಲಗುತ್ತೆ, ಎರಡು ತುದಿ ಪಟಪಟ ಅಂತ ಹೊಡ್ಕೊಳ್ಳುತ್ತೆ. ಸ್ಪ್ರಿಂಗ್ ವಾಷರ್, ನೈಲಾಕ್ ನಟ್, ಲಾಕ್‌ಟೈಟ್ ಅಂಟು, ಎಲ್ಲಾ ಆಯ್ತು. ಸ್ಲಾಟ್ ಬೋಲ್ಟ್ ಜಾರೋದನ್ನ ನಿಲ್ಲಿಸೋದು ಹೇಗೆ?

ಪೀಣ್ಯ ಫಿಟ್ಟರ್
ಜಾರ್ತಿರೋದು ಬೋಲ್ಟೇ ಅಂತ ಯಾಕೆ ಅಂದ್ಕೊಂಡ್ರಿ? ಲೆಕ್ಕ ಹಾಕಿ. 160 ಕಿ.ಮೀ. ವೇಗದಲ್ಲಿ ಆ ಅಳತೆಯ ವಿಂಗ್ ಮೇಲೆ, ಲಿಫ್ಟ್ ಗುಣಾಂಕ (ವಿಂಗ್ ಎಷ್ಟು ಒತ್ತಡ ಹುಟ್ಟಿಸುತ್ತೆ ಅನ್ನೋ ಅಳತೆ) 1.2 ಅಂತ ಹಿಡಿದ್ರೆ, ಸುಮಾರು 50 ಕೆ.ಜಿ. ಒತ್ತಡ. 80ರಲ್ಲಿ ಅದರ ಕಾಲು ಭಾಗ ಅಷ್ಟೆ. ಸರಿಯಾಗಿ ಬಿಗಿದ 8.8 ಗ್ರೇಡ್ ಎಂ6 ಬೋಲ್ಟ್ ಎರಡು ಪ್ಲೇಟನ್ನ 800 ಕೆ.ಜಿ.ಗೂ ಮೀರಿ ಅದುಮಿ ಹಿಡಿಯುತ್ತೆ. ಈ ಭಾರಕ್ಕೆಲ್ಲ ಅದು ಜಾರಬಾರದು. ಮಧ್ಯೆ ಪೌಡರ್ ಕೋಟಿಂಗ್ ಇದ್ರೆ ಮಾತ್ರ ಬೇರೆ ಮಾತು, ಬಣ್ಣ ನಲುಗಿ ಬಿಗಿ ಹೋಗುತ್ತೆ. ಪ್ಲೇಟ್ ಕೂಡೋ ಜಾಗದಲ್ಲಿ ಕೆರೆದು ಬರಿ ಲೋಹ ಮಾಡಿ.

ಅದಕ್ಕೂ ಮೊದಲು ಒಂದು ಪರೀಕ್ಷೆ. 25 ಕೆ.ಜಿ. ಅಕ್ಕಿ ಚೀಲ ಎರಡು ತಗೊಳ್ಳಿ, ಒಂದೊಂದು ಸ್ಟ್ಯಾಂಡಿನ ನೇರಕ್ಕೆ ಒಂದೊಂದು ವಿಂಗ್ ಮೇಲಿಡಿ, ಕೆಳಗೆ ಸ್ಪಂಜ್ ಹಾಸಿ. ಮೊಬೈಲಿನ ಆ್ಯಂಗಲ್ ಮೀಟರನ್ನ ಮೊದಲು ವಿಂಗ್ ಮೇಲೆ, ಆಮೇಲೆ ಸ್ಟ್ಯಾಂಡ್ ಪ್ಲೇಟಿಗೆ ಒರಗಿಸಿ ನೋಡಿ.

ಸಿಟಿವಿಟೆಕ್01
ಅಮ್ಮನಿಂದ ಬೈಸ್ಕೊಂಡು ಮಾಡಿದೆ. ವಿಂಗ್ 8ರಿಂದ 5.5ಕ್ಕೆ ಬಂತು. ಸ್ಟ್ಯಾಂಡ್ ಕೂಡ ಅಷ್ಟೇ, ಎರಡೂವರೆ ಡಿಗ್ರಿ ವಾಲ್ತು! ಸ್ಲಾಟ್ ಬೋಲ್ಟ್ ಪಕ್ಕ ಹಾಕಿದ್ದ ಪೆನ್ ಗೆರೆ ಒಂದು ಕೂದಲೂ ಸರಿದಿಲ್ಲ. ಚೀಲ ತೆಗೆದ ಮೇಲೆ ನೋಡಿದ್ರೆ ಸ್ಟ್ಯಾಂಡನ್ನ ಡಿಕ್ಕಿಗೆ ಬಿಗಿದ ಮುಂದಿನ ಬೋಲ್ಟ್ ಸುತ್ತ ತಗಡು ದೋಸೆ ಥರ ಉಬ್ಬಿದೆ.

ಪೀಣ್ಯ ಫಿಟ್ಟರ್
ಹಾಗಾದ್ರೆ ಕಾಯಿಲೆ ಇರೋದು ಬುಡದಲ್ಲಿ. ಸ್ಟ್ಯಾಂಡಿನ ಮುಂದಿನ-ಹಿಂದಿನ ಬೋಲ್ಟ್ ನಡುವೆ ಎಷ್ಟು? ವಿಂಗ್ ಹಿಂದಿನ ಬೋಲ್ಟಿಗಿಂತ ಎಷ್ಟು ಹಿಂದಿದೆ?

ಸಿಟಿವಿಟೆಕ್01
8 ಸೆಂ.ಮೀ. ಮತ್ತು 15 ಸೆಂ.ಮೀ. ಎತ್ತರ 25.

ಪೀಣ್ಯ ಫಿಟ್ಟರ್
ಅಲ್ಲೇ ಇದೆ ನೋಡಿ. ಹಿಂದಿನ ಬೋಲ್ಟೇ ಕೀಲು, ವಿಂಗ್ ಅದರಾಚೆ ನೇತಾಡ್ತಿದೆ. ಗಾಳಿಯ ಎಳೆತ ಸೇರಿಸಿದ್ರೆ ಮುಂದಿನ ಒಂದೊಂದು ಬೋಲ್ಟೂ ಆ ತೆಳು ತಗಡನ್ನ 50 ಕೆ.ಜಿ.ಗೂ ಹೆಚ್ಚು ಬಲದಲ್ಲಿ ಮೇಲಕ್ಕೆ ಎಳೆಯುತ್ತೆ. ಮುಂದಿನ ಬೋಲ್ಟನ್ನ ಇನ್ನೂ ಮುಂದಕ್ಕೆ ಒಯ್ದು ಅಂತರ 24 ಮಾಡಿ, ಎಳೆತ ಮೂರನೇ ಒಂದು ಭಾಗಕ್ಕೆ ಇಳಿಯುತ್ತೆ. ಒಳಗಡೆ ಅಂಗೈ ಅಗಲದ ವಾಷರ್ ಸಾಕಾಗಲ್ಲ. 3 ಮಿ.ಮೀ. ಪಟ್ಟಿ ಹಾಕಿ ಮುಚ್ಚಳದ ಒಳಚೌಕಟ್ಟಿಗೆ ಕಟ್ಟಿ. ಮುಚ್ಚಳ ಕೂರೋ ರಬ್ಬರ್ ಗುಬ್ಬಿಗಳೂ ಅದುಮ್ತವೆ, ಅವನ್ನ ತಿರುಗಿಸಿ ಎತ್ತರಿಸಿ. ಮುಚ್ಚಳ ಬಿಗಿಯಾಗಿ ಹಿಡಿಯೋಕೆ ಎರಡು ಬದಿ ಬಾನೆಟ್ ಪಿನ್ ಹಾಕಿ. ಮುಚ್ಚಳಕ್ಕೆ ತೂತು ಕೊರೆದು ಕಾಲುಗಳನ್ನ ಚಾಸಿಗೇ ಇಳಿಸೋದು ಇದಕ್ಕಿಂತ ಗಟ್ಟಿ, ಆದ್ರೆ ಕೆಲಸ ಮೂರು ಪಟ್ಟು.

ತುದಿ ಪಟಪಟ ಅನ್ನೋದು ಸ್ಟ್ಯಾಂಡ್ ಮಧ್ಯದಲ್ಲಿ ಗುಂಪಾಗಿರೋದ್ರಿಂದ. ಪ್ರತಿ ತುದಿಯಿಂದ 29 ಸೆಂ.ಮೀ. ಒಳಗೆ ಇಡಿ, ಅಂದ್ರೆ ನಡುವೆ 82. ಅಡ್ಡ ಅಲುಗಾಟಕ್ಕೆ ಒಂದು ಓರೆ ಸರಳು ಕೊಡಿ.

ಹಿಂದಿನ ಬೆಂಚು
ಮೌಂಟ್ ವಿಚಾರ ಸಸಾರ ಮಾಡ್ಬೇಡಿ. 1969ರಲ್ಲಿ ಬಾರ್ಸಿಲೋನಾದ ಮೊಂಜುಯಿಕ್‌ನಲ್ಲಿ ಫಾರ್ಮುಲಾ ಒನ್ ರೇಸಲ್ಲಿ ಲೋಟಸ್ ತಂಡದ ಗ್ರಹಾಂ ಹಿಲ್, ಯೋಹೆನ್ ರಿಂಟ್ ಇಬ್ಬರ ಕಾರಿನ ಎತ್ತರದ ವಿಂಗೂ ಒಂದೇ ರೇಸಲ್ಲಿ ಕುಸಿದು ಇಬ್ಬರೂ ತಡೆಗೋಡೆಗೆ ಬಡಿದ್ರು. ಮುಂದಿನ ರೇಸ್ ಮೊನಾಕೊದಲ್ಲಿ, ಅಲ್ಲೇ ಆ ಥರದ ವಿಂಗ್ ನಿಷೇಧ ಆಯ್ತು.

ಸ್ಲಾಟ್ ಬಿಟ್ಟು ತೂತಿಗೆ ಹೋಗಿ ಅಂತ ನನ್ನ ಸಲಹೆ. ಪಿವಟ್‌ನಿಂದ 120 ಮಿ.ಮೀ. ದೂರದಲ್ಲಿ 2 ಡಿಗ್ರಿ ಅಂದ್ರೆ ಬರೀ 4 ಮಿ.ಮೀ.; ಎಂ6 ತೂತು ಒಂದರ ಮೇಲೊಂದು ಬೀಳುತ್ತೆ. ಅದಕ್ಕೆ ವರ್ನಿಯರ್ ಉಪಾಯ: ಸ್ಟ್ಯಾಂಡಲ್ಲಿ 6 ಡಿಗ್ರಿಗೊಂದರಂತೆ ನಾಲ್ಕು ತೂತು, ವಿಂಗ್ ಬ್ರಾಕೆಟಲ್ಲಿ 8 ಡಿಗ್ರಿಗೊಂದರಂತೆ ನಾಲ್ಕು. ಯಾವ ಜೋಡಿ ಎದುರುಬದುರು ಬರುತ್ತೋ ಅದಕ್ಕೆ ಬೋಲ್ಟ್. 0ಯಿಂದ 12ರವರೆಗೆ 2-2 ಡಿಗ್ರಿಯಾಗಿ ಸಿಗುತ್ತೆ. ಎಡ-ಬಲ ಒಂದೇ ಕೋನ ಇದೆಯಾ ಅಂತ ಅಳೆಯೋ ತಲೆನೋವೂ ತಪ್ಪುತ್ತೆ.

ಹಾಂ, ಟ್ರ್ಯಾಕಿಗೆ ಓಡಿಸ್ಕೊಂಡು ಹೋಗೋದಾದ್ರೆ ವಿಂಗ್ ಬಿಚ್ಚಿಟ್ಟುಕೊಳ್ಳಿ. ವಾಹನದ ಮೂಲ ರೂಪ ಬದಲಿಸೋದನ್ನ ನಿರ್ಬಂಧಿಸೋ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಇದೆ.

ಸಿಟಿವಿಟೆಕ್01
ಮೂರು ಭಾನುವಾರ ಹೋಯ್ತು. ಬುಡ 24 ಸೆಂ.ಮೀ., ಒಳಪಟ್ಟಿ, ಪಿನ್, ವರ್ನಿಯರ್ ತೂತು ಎಲ್ಲಾ ಆಗಿದೆ. ಅಕ್ಕಿ ಚೀಲಕ್ಕೆ ಈಗ 8 ಇದ್ದಿದ್ದು 7.5. ನಿನ್ನೆ ಟ್ರ್ಯಾಕಲ್ಲಿ ತುದಿಗಳೂ ಸುಮ್ನಿದ್ವು.

ಹೊಸ ತಕರಾರು: ಟ್ರ್ಯಾಕಿನ ಮೊದಲ ತಿರುವು ಸಿ1ರಲ್ಲಿ ಕಾರಿನ ಮೂತಿ ತಿರುಗ್ತಾನೇ ಇಲ್ಲ.

ಪೀಣ್ಯ ಫಿಟ್ಟರ್
ಈಗ ವಿಂಗ್ ನಿಜವಾಗ್ಲೂ ಕೆಲಸ ಮಾಡ್ತಿದೆ ಅಂತ ಅರ್ಥ. ಅದು ಹಿಂದಿನ ಆ್ಯಕ್ಸಲ್‌ಗಿಂತ 90 ಸೆಂ.ಮೀ. ಹಿಂದಿದ್ರೆ, ವೀಲ್‌ಬೇಸ್ 2.4 ಮೀ., ಹಿಂದೆ 50 ಕೆ.ಜಿ. ಒತ್ತಿದ್ರೆ ಮುಂದಿನ ಟೈರಿಂದ 19 ಕೆ.ಜಿ. ಎತ್ತಿದ ಹಾಗೆ. ಮುಂದಿನ ಚಕ್ರ ಎಳೆಯೋ ಕಾರಲ್ಲಿ ಅದು ದುಬಾರಿ. ಕೋನ 4ಕ್ಕೆ ಇಳಿಸಿ, ಮುಂದೆ ಒಂದು ಸ್ಪ್ಲಿಟರ್ (ಬಂಪರ್ ಕೆಳಗೆ ಚಾಚೋ ಚಪ್ಪಟೆ ಹಲಗೆ, ಮೂತಿಯನ್ನ ಕೆಳಕ್ಕೆ ಒತ್ತುತ್ತೆ) ಯೋಚಿಸಿ.

ಸಿಟಿವಿಟೆಕ್01
ಕೋನ 4 ಡಿಗ್ರಿಗೆ ಇಳಿಸಿದ ಮೇಲೆ ವಾಸಿ. ಸ್ಪ್ಲಿಟರ್‌ಗೆ ಪ್ಲೈವುಡ್ ನೋಡ್ತಿದೀನಿ. ಆದ್ರೆ ಇಷ್ಟು ಭಾರಕ್ಕೆ ಡಿಕ್ಕಿ ಈಗ ಎತ್ತಿದ್ರೆ ನಿಲ್ತಿಲ್ಲ, ದಬ್ ಅಂತ ತಲೆ ಮೇಲೆ ಬೀಳುತ್ತೆ. ಸದ್ಯಕ್ಕೆ ಪೊರಕೆ ಕೋಲು ಒತ್ತು ಕೊಟ್ಟಿದೀನಿ. ಮುಚ್ಚಳ ಎತ್ತಿ ಹಿಡಿಯೋ ಗ್ಯಾಸ್ ಸ್ಟ್ರಟ್ ಯಾವ ಕಾರಿಂದು ಇದಕ್ಕೆ ಹೊಂದುತ್ತೆ?